ಅಜ್ಜನ ಪ್ರೆಸ್ಸಿನ ಮೊಳೆ ಗುಜರಿಗೆ ಹಾಕಬೇಕೇ?

ಕುಮಟಾದಿಂದ: ಅಜ್ಜ ನಡೆಸುತ್ತಿದ್ದ ಪ್ರೆಸ್ಸು ಇಪ್ಪತ್ತು ವರ್ಷದಿಂದ ಬಾಗಿಲು ಹಾಕಿದೆ. ಕಾಲಲ್ಲಿ ತುಳಿದು ಓಡಿಸುವ ಒಂದು ಟ್ರೆಡಲ್ ಅಚ್ಚಿನ ಮಷಿನ್, ಹತ್ತಾರು ಕೇಸು (ಮನೆ ಮನೆ ಮಾಡಿದ ಮರದ ತಟ್ಟೆ) ಕನ್ನಡ ಮೊಳೆ, ಅಂದರೆ ಸೀಸದ ಬಿಡಿ ಅಚ್ಚಕ್ಷರ, ಇವೆ. ಗುಜರಿಯವರು ಕಿಲೋ ಲೆಕ್ಕದಲ್ಲಿ ಕೇಳುತ್ತಿದ್ದಾರೆ. ನನಗೆ ತಂಗಿಯ ಮದುವೆ ಕಾಗದ ಇದರಲ್ಲೇ ಅಚ್ಚು ಹಾಕುವ ಆಸೆ. ಆದೀತೇ? ಅನುಭವ ಇದ್ದವರು ಹೇಳಿ.

ಶಿರಸಿಯಿಂದ: ತಮ್ಮಾ, ಗುಜರಿಗೆ ಮಾತ್ರ ಕೊಡಬೇಡ. ಮೂವತ್ತು ವರ್ಷ ಮೊಳೆ ಜೋಡಿಸಿದವ ನಾನು. ಯಕ್ಷಗಾನದ ಹ್ಯಾಂಡ್‌ಬಿಲ್, ಸೊಸೈಟಿಯ ರಸೀದಿ ಪುಸ್ತಕ. ಮಾರಿಕಾಂಬಾ ಜಾತ್ರೆ ಬಂತೆಂದರೆ ರಾತ್ರಿಯಿಡೀ ಕೆಲಸ. ಇಂಗ್ಲಿಷಿಗೆ ಎರಡು ಕೇಸು ಸಾಕು. ನಮಗೆ ಕಾಗುಣಿತಕ್ಕೆ, ಒತ್ತಿಗೆ ಬೇರೆ ಬೇರೆ ಮನೆ ಬೇಕು. ಒಂದು ಒತ್ತು ಕಳೆದರೂ ಈಗ ಅಂಗಡಿಗೆ ಹೋಗಿ ತರುವ ಹಾಗಿಲ್ಲ.

ಮೊದಲು ಕೇಸು ಎಳೆದು ನೋಡು. ಮೊಳೆಯ ಮೇಲೆ ಬಿಳಿ ಪುಡಿ ಕೂತಿದ್ದರೆ ಅದು ಸೀಸದ ಕಿಲುಬು. ಮೊಳೆ ಎಂದರೆ ಸೀಸ, ಆಂಟಿಮನಿ, ತವರದ ಬೆರಕೆ. ಕರಾವಳಿಯ ಥಂಡಿಯೂ ಮರದ ಕೇಸಿನ ಹುಳಿ ಆವಿಯೂ ಸೇರಿದರೆ ತಿನ್ನತೊಡಗುತ್ತದೆ. ಆ ಪುಡಿ ವಿಷ. ಊದಬೇಡ, ಗುಡಿಸಬೇಡ. ಮಾಸ್ಕು, ಗ್ಲೌಸು ಹಾಕಿಕೊಂಡು ಒದ್ದೆ ಬಟ್ಟೆಯಲ್ಲಿ ಒರೆಸು, ಹಾಳಾದ ಮೊಳೆ ಬೇರೆ ಇಡು, ಮಕ್ಕಳನ್ನು ಹತ್ತಿರ ಬಿಡಬೇಡ.

ಜೋಡಿಸುವುದು ಹೆದರುವಷ್ಟು ಕಷ್ಟವಲ್ಲ. ಮೊಳೆ ಸಾಲಾಗಿ ಜೋಡಿಸುವ ಚಿಕ್ಕ ತಟ್ಟೆ, ಸ್ಟಿಕ್, ಎಡಗೈಯಲ್ಲಿ ಹಿಡಿ. ಮೊಳೆಯ ಮೈಮೇಲೆ ಒಂದು ಕಚ್ಚು ಇರುತ್ತದೆ, ಅದು ಮೇಲ್ಮುಖವಾಗಿರಲಿ. ಸಾಲು ಎಡದಿಂದ ಬಲಕ್ಕೇ ಹೋಗುತ್ತದೆ, ಅಕ್ಷರ ಮಾತ್ರ ತಲೆಕೆಳಗು. ನಾಲ್ಕು ದಿನ ಕಳೆದರೆ ಕಣ್ಣಿಗಿಂತ ಮೊದಲು ಬೆರಳಿಗೇ ಕಚ್ಚು ಗೊತ್ತಾಗುತ್ತದೆ.

ಹೊನ್ನಾವರದಿಂದ: ಅಪ್ಪ ತೀರಿಕೊಂಡ ವರ್ಷವೇ ನಾವು ಮೊಳೆಯನ್ನೆಲ್ಲ ಚೀಲಕ್ಕೆ ಸುರಿದು ತೂಕಕ್ಕೆ ಹಾಕಿದೆವು. ಉಳಿದದ್ದು ಗಣಪತಿಯ ಚಿತ್ರ ಅಚ್ಚು ಹಾಕುವ ಒಂದು ಬ್ಲಾಕು; ದೇವರ ಗೂಡಿನಲ್ಲಿದೆ. ಇಂದಿಗೂ ಅದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಮಷಿನ್ ಮಾತ್ರ ಬಿಡಲಿಲ್ಲ. ಬಿಲ್‌ಬುಕ್ಕಿನ ನಂಬರು, ಕಾರ್ಡಿನ ಮಡಿಕೆ, ರಸೀದಿ ಹರಿದು ಕೊಡಲು ಹಾಕುವ ತೂತಿನ ಗೆರೆ ಇವಕ್ಕೆಲ್ಲ ಅದೇ ಬೇಕು, ಅದರದೇ ದುಡಿಮೆ. ನಿಮ್ಮದರ ರೋಲರ್ ರಬ್ಬರು ಕಲ್ಲಾಗಿರುತ್ತದೆ, ಹೊಸದಾಗಿ ಹಾಕಿಸಿ. ಎಣ್ಣೆ ತೂತುಗಳಿಗೆಲ್ಲ ಎಣ್ಣೆ ಬಿಟ್ಟು, ಒಂದು ದಿನ ಬರೀ ಕೈಯಲ್ಲಿ ಚಕ್ರ ತಿರುಗಿಸಿ. ಕಾಗದ ಓರೆಯಾಯಿತೆಂದು ಓಡುವ ಮಷಿನ್ನಿಗೆ ಕೈ ಹಾಕಬೇಡಿ. ಅದು ಬೆರಳು ಬಿಡುವುದಿಲ್ಲ.

ಕಾರವಾರದಿಂದ: ಈಗಿನವರಿಗೆ ಅಕ್ಷರ ಕಾಗದದೊಳಗೆ ಆಳವಾಗಿ ಇಳಿದರೇ ಚೆಂದ. ಹಳೆಯ ಪ್ರೆಸ್ಸಿನವರು ಹಾಳೆಯ ಬೆನ್ನು ಸವರಿ, ಉಬ್ಬು ಸಿಕ್ಕರೆ ಬೈಯುತ್ತಿದ್ದರು. ಹಾಗೆ ಒತ್ತಿದರೆ ಅಜ್ಜನ ಮೊಳೆಯ ಮುಖ ಸವೆಯುತ್ತದೆ. ಆಳ ಬೇಕಾದ ಹೆಸರು, ಚಿತ್ರಗಳಿಗೆ ಕಂಪ್ಯೂಟರಿನಲ್ಲಿ ವಿನ್ಯಾಸ ಮಾಡಿ ಪಾಲಿಮರ್ ಪ್ಲೇಟ್ (ಅಕ್ಷರ ಉಬ್ಬಿರುವ ಪ್ಲಾಸ್ಟಿಕ್ ಹಾಳೆ) ಮಾಡಿಸಿ. ಮೊಳೆಯ ಎತ್ತರ 0.918 ಇಂಚು ಇದ್ದರೆ ಪ್ಲೇಟೂ ಅದರ ಪೀಠವೂ ಸೇರಿ ಅಷ್ಟೇ ಬರಬೇಕು. ಒಳಗಿನ ಒಕ್ಕಣೆ ಮೊಳೆಯಲ್ಲೇ ಹಗುರವಾಗಿ ಬರಲಿ.

ನಮ್ಮ ಪಕ್ಕದ ಗೋವೆಗೆ ಅಚ್ಚಿನ ಯಂತ್ರ ಬಂದದ್ದು 1556ರಲ್ಲಿ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರಲ್ಲಿ ಬಂದಾಗಲೂ ಮೊಳೆಯಲ್ಲಲ್ಲ, ಕಲ್ಲಿನ ಮೇಲೆ ಬರೆದು ಒತ್ತುವ ಕಲ್ಲಚ್ಚಿನಲ್ಲೇ ಬಂತು. ನಮ್ಮ ಕರಾವಳಿಯನ್ನು ಅಷ್ಟು ಕಾಯಿಸಿ ಬಂದ ಸೀಸದ ಕನ್ನಡ ಅದು, ತೂಕಕ್ಕೆ ಹಾಕಬೇಡಿ. ಮತ್ತೆ, ಮಳೆಗಾಲದಲ್ಲಿ ಅಚ್ಚಿಗೆ ಕೂರಬೇಡಿ: ಕಾಗದ ಥಂಡಿ ಹಿಡಿದು ಸುರುಳಿಯಾಗುತ್ತದೆ, ಮಸಿ ಒಣಗುವುದಿಲ್ಲ.

ಶಿರಸಿಯಿಂದ: ಮೊದಲ ಪ್ರೂಫ್ ತೆಗೆದಾಗ ಫೋಟೋ ಹಾಕು ತಮ್ಮಾ. ಒತ್ತು ತಿರುಗಿ ಕೂತಿದ್ದರೆ ನೋಡಿ ಹೇಳುತ್ತೇನೆ.