ಸಹಾಯ ಬೇಕು: ರಾತ್ರಿ ಬಿಡಿಸಿದ ಚಿತ್ರ ಬೆಳಗ್ಗೆ ಬೇರೆಯೇ ಕಾಣುತ್ತೆ

ಎಲ್ಲರಿಗೂ ನಮಸ್ಕಾರ. ರಾತ್ರಿ ಹೊರಗೆ ಕೂತು ಬೀದಿದೀಪ, ಒದ್ದೆ ರಸ್ತೆ, ಮರದ ನೆರಳು ಇವನ್ನೆಲ್ಲ ಆಯಿಲ್ ಬಣ್ಣದಲ್ಲಿ ಬಿಡಿಸ್ತೀನಿ. ಮೊದಲು ಹಳದಿ ಛಾಯೆಯ ಬೆಳಕು ಕೊಡೋ 2700 ಕೆಲ್ವಿನ್‌ನ ಹೆಡ್‌ಲ್ಯಾಂಪ್ ಹಾಕ್ಕೊಳ್ತಿದ್ದೆ. ಆ ಬೆಳಕಲ್ಲಿ ಹಳದಿ ಪೇಲವವಾಗಿ ಕಂಡು ಜಾಸ್ತಿ ಹಚ್ಚಿಬಿಡ್ತಿದ್ದೆ, ಬೆಳಗ್ಗೆ ನೋಡಿದ್ರೆ ಕಣ್ಣಿಗೆ ಹೊಡೀತಿತ್ತು. ಹಗಲಿನಂಥ ಬಿಳಿ ಬೆಳಕಿನ 5000 ಕೆಲ್ವಿನ್ ದೀಪ ಈಸಲ್‌ಗೆ (ಕ್ಯಾನ್ವಾಸ್ ಇಡೋ ಸ್ಟ್ಯಾಂಡ್‌ಗೆ) ಸಿಕ್ಕಿಸಿದ ಮೇಲೆ ಅದು ಸರಿಹೋಯ್ತು.

ನೆರಳು ಮಾತ್ರ ಕೈಗೆ ಸಿಗ್ತಿಲ್ಲ. ದೀಪ ಜೋರಾಗಿಟ್ರೆ ಕಣ್ಣು ಅದಕ್ಕೇ ಹೊಂದಿಕೊಂಡು, ತಲೆ ಎತ್ತಿದಾಗ ಕತ್ತಲೊಳಗಿನ ನೀಲಿ ಛಾಯೆಗಳೇ ಕಾಣಲ್ಲ. ಎಲ್ಲ ಕಪ್ಪು ಮುದ್ದೆಯಾಗುತ್ತೆ. ಮಂದ ಮಾಡಿದ್ರೆ ಬಣ್ಣ ತಿಳಿಯಾಗಿ ಕಲಸಿಬಿಡ್ತೀನಿ, ಬೆಳಗ್ಗೆ ನಡುರಾತ್ರಿ ಹೋಗಿ ಮುಸ್ಸಂಜೆ ಆಗಿರುತ್ತೆ. ಮನೇಲಿ ತಿದ್ದೋಕೆ ಹೋದ್ರೆ ಅಲ್ಲಿ ಕಂಡಿದ್ದೇ ಮಾಯ.

ಮುಂದಿನ ತಿಂಗಳು ಸ್ಥಳೀಯ ಕಲಾವಿದರ ಜೊತೆ ಮೂರು ಚಿತ್ರ ಪ್ರದರ್ಶನಕ್ಕಿಡಬೇಕು. ರಾತ್ರಿ ಬಿಡಿಸಿ ಅಭ್ಯಾಸ ಇರೋರು ದಯವಿಟ್ಟು ಹೇಳಿ: ಈಸಲ್ ದೀಪದ ಬೆಳಕು ಎಷ್ಟಿರಬೇಕು ಅಂತ ಯಾವುದನ್ನ ನೋಡಿ ನಿರ್ಧರಿಸ್ತೀರಿ, ಎದುರಿನ ದೃಶ್ಯವನ್ನೋ ಪ್ರದರ್ಶನದ ಕೋಣೆಯ ಬೆಳಕನ್ನೋ?