10 ರಿಂದ 25 ಮೀಟರ್ ಪೇಪರ್ ಟಾರ್ಗೆಟ್‌ಗೆ ಏರ್ ರೈಫಲ್ ಸ್ಕೋಪ್: ಯಾವ ರೆಟಿಕಲ್ (ಒಳಗೆ ಕಾಣೋ ಗುರಿಗೆರೆ) ತಗೋಬೇಕು?

ಕಾಫಿಕಣ_ಮೂಡಿಗೆರೆ:

ಎಲ್ರಿಗೂ ನಮಸ್ಕಾರ. ನನ್ನತ್ರ ನಮ್ಮ ದೇಶದಲ್ಲೇ ತಯಾರಾದ .177 (4.5 ಮಿಮೀ) ಬ್ರೇಕ್ ಬ್ಯಾರಲ್, ಅಂದ್ರೆ ನಳಿಗೆ ಬಗ್ಗಿಸಿ ಪೆಲೆಟ್ ತುಂಬೋ ಸ್ಪ್ರಿಂಗ್ ರೈಫಲ್ ಇದೆ, 20 ಜೌಲ್ ಒಳಗಿಂದು, ಅಂದ್ರೆ ಲೈಸೆನ್ಸ್ ಬೇಡದ್ದು. ಕಾಫಿ ಕೊಯ್ಲು ಮುಗಿದು ಕಣ ಖಾಲಿ ಆದ್ಮೇಲೆ ಅಲ್ಲೇ ಒಂದು ತುದೀಲಿ ಎತ್ತರದ ಮಣ್ಣಿನ ಧರೆ ಇದೆ, ಅದಕ್ಕೆ ಒರಗಿಸಿ 10 ಮೀಟರ್‌ಗೆ ಒಂದು, 25 ಮೀಟರ್‌ಗೆ ಒಂದು ಪೇಪರ್ ಟಾರ್ಗೆಟ್ ಇಟ್ಟು ಹೊಡೀತೀನಿ. ಹಕ್ಕಿ ಪಕ್ಕಿ ಯಾವುದೂ ಇಲ್ಲ, ಬರೀ ಪೇಪರ್.

ನಂಗೀಗ 47. ಓದೋ ಕನ್ನಡಕ ಬಂದಾಗಿಂದ ಓಪನ್ ಸೈಟ್ ಕಷ್ಟ ಆಗ್ಬಿಟ್ಟಿದೆ, ಹಿಂದಿನ ಕಚ್ಚು ನೋಡಿದ್ರೆ ಮುಂದಿಂದು ಮಸುಕು, ಮುಂದಿಂದು ನೋಡಿದ್ರೆ ಟಾರ್ಗೆಟ್ ಮಸುಕು. ಅದಕ್ಕೆ ಕಳೆದ ವರ್ಷ ಆನ್‌ಲೈನ್‌ನಲ್ಲಿ ಒಂದು 3-9x40 ಸ್ಕೋಪ್ ತರಿಸಿದೆ, ಅಂದ್ರೆ 3ರಿಂದ 9 ಪಟ್ಟು ಜೂಮ್, 40 ಮಿಮೀ ಮುಂದಿನ ಲೆನ್ಸ್. 25 ಮೀಟರ್‌ಗೆ ಪರವಾಗಿಲ್ಲ ಅನ್ನೋ ಹಾಗೆ ಕಾಣ್ತಿತ್ತು, 10 ಮೀಟರ್‌ಗೆ ಬಂದ್ರೆ ಮಂಜು ಕವಿದ ಹಾಗೆ, ಸ್ಟ್ಯಾಂಡ್ ಮೇಲಿಟ್ಟು ಒಂದೇ ಕಡೆ ಹಿಡಿದು 5 ಹೊಡೆದ್ರೂ ಅಂಗೈಯಗಲ ಚೆಲ್ಲುತ್ತೆ. ಕ್ರಾಸ್‌ಹೇರ್ ಎಷ್ಟು ದಪ್ಪ ಅಂದ್ರೆ ನಡುವಿನ ಚುಕ್ಕಿ ಪೂರ್ತಿ ಮುಚ್ಚಿಹೋಗುತ್ತೆ. ಒಂದು 200 ಪೆಲೆಟ್ ಆದ್ಮೇಲೆ ಕ್ರಾಸ್‌ಹೇರ್ ಒಳಗೇ ಓರೆಯಾಗಿ ತಿರುಗಿಬಿಡ್ತು. ಗುರಿ ಸರಿಮಾಡೋ ಗುಬುಟನ್ನ ಕ್ಲಿಕ್ ಕ್ಲಿಕ್ ಅಂತ ತಿರುಗಿಸಿದ್ರೂ ಪೆಲೆಟ್ ಬೀಳೋ ಜಾಗ ಬದಲಾಗಲ್ಲ.

ಈಗ 6-24x50 ತಗೊಂಡ್ರೆ ಚುಕ್ಕಿ ದೊಡ್ಡದಾಗಿ ಕಾಣುತ್ತೆ ಅಂತ ಒಬ್ರು, ಮಿಲ್‌ಡಾಟ್ (ಗೆರೆ ಮೇಲೆ ಅಳತೆ ಚುಕ್ಕಿ ಇರೋದು) ಬೇಕೇ ಬೇಕು ಅಂತ ಇನ್ನೊಬ್ರು, ಕೆಂಪು ಲೈಟ್ ಬರೋದು ತಗೋ ಅಂತ ಮತ್ತೊಬ್ರು. ಮಗಳು 8ನೇ ಕ್ಲಾಸು, ಅವಳಿಗೂ ಆಸಕ್ತಿ ಬಂದಿದೆ, ಮುಂದೆ ಮ್ಯಾಚ್‌ಗೆ ಹೋಗ್ಬೇಕು ಅಂತಾಳೆ. ಇಬ್ರಿಗೂ ಆಗೋ ಹಾಗೆ ಒಂದೇ ಸ್ಕೋಪ್ ಆದ್ರೆ ಒಳ್ಳೇದು. ತಿಳಿದೋರು ದಯವಿಟ್ಟು ಹೇಳಿ.

ಸ್ಪ್ರಿಂಗರ್_ಹಾಸನ:

ಸರ್, ಮೊದ್ಲು ನಿಮ್ಮ ಹಳೇ ಸ್ಕೋಪ್ ಯಾಕೆ ಹಾಳಾಯ್ತು ಹೇಳ್ತೀನಿ, ಅದು ಗೊತ್ತಾದ್ರೆ ಹೊಸದು ಆರಿಸೋದು ಸುಲಭ.

ಸ್ಪ್ರಿಂಗ್ ರೈಫಲ್ ಎರಡು ಸಲ ಒದೆಯುತ್ತೆ. ಟ್ರಿಗರ್ ಒತ್ತಿದ ತಕ್ಷಣ ಒಳಗಿನ ಪಿಸ್ಟನ್ ಮುಂದಕ್ಕೆ ನುಗ್ಗುತ್ತೆ, ಆಗ ರೈಫಲ್ ಹಿಂದಕ್ಕೆ ಬರುತ್ತೆ, ಪಿಸ್ಟನ್ ಹೋಗಿ ತುದೀಲಿ ನಿಂತಾಗ ರೈಫಲ್ ಮುಂದಕ್ಕೆ ಜಗ್ಗುತ್ತೆ. ಬಂದೂಕಿನ ಸ್ಕೋಪ್‌ಗಳನ್ನ ಹಿಂದಕ್ಕೆ ಬರೋ ಒದೆತಕ್ಕೆ ಮಾತ್ರ ತಯಾರು ಮಾಡಿರ್ತಾರೆ, ಈ ಮುಂದಿನ ಜಗ್ಗಾಟಕ್ಕೆ ಒಳಗಿನ ಲೆನ್ಸು ರೆಟಿಕಲ್ಲು ಸಡಿಲ ಆಗ್ತವೆ. ದೊಡ್ಡ ಬಂದೂಕಿನ ಮೇಲೆ ಚೆನ್ನಾಗಿರೋ ಸ್ಕೋಪೇ ಏರ್ ಗನ್ ಮೇಲೆ ಮುರಿದುಹೋಗೋದು ಇದಕ್ಕೇ. ಹಾಗಾಗಿ ಸ್ಪ್ರಿಂಗ್ ಏರ್ ರೈಫಲ್‌ಗೆ ಅಂತಲೇ ಮಾಡಿದ್ದು ಅಂತ ಕಂಪನಿ ಸ್ಪಷ್ಟವಾಗಿ ಬರೆದಿದ್ರೆ ಮಾತ್ರ ತಗೊಳ್ಳಿ.

ಎರಡನೇದು ಪ್ಯಾರಲಾಕ್ಸ್. ನಿಮ್ಮ ಪೆಲೆಟ್‌ಗಳು ಚೆಲ್ಲೋದಕ್ಕೆ ಇದೇ ದೊಡ್ಡ ಕಾರಣ ಅಂತ ನನ್ನ ನಂಬಿಕೆ. ಸಾಮಾನ್ಯ ಸ್ಕೋಪ್‌ನ 100 ಗಜಕ್ಕೆ ಫಿಕ್ಸ್ ಮಾಡಿರ್ತಾರೆ. ಅದರಲ್ಲಿ 10 ಮೀಟರ್ ನೋಡಿದ್ರೆ ಮಸುಕಾಗೋದು ಒಂದು ಕಡೆ, ಅದಕ್ಕಿಂತ ಕೆಟ್ಟದ್ದು ಏನಂದ್ರೆ ಕಣ್ಣು ಸ್ವಲ್ಪ ಆಚೀಚೆ ಆದ್ರೆ ಕ್ರಾಸ್‌ಹೇರ್ ಟಾರ್ಗೆಟ್ ಮೇಲೆ ಓಡಾಡುತ್ತೆ. 40 ಮಿಮೀ ಲೆನ್ಸ್, 100 ಗಜದ ಸೆಟ್ಟಿಂಗ್, 10 ಮೀಟರ್ ದೂರ ಅಂತ ಲೆಕ್ಕ ಹಾಕಿದ್ರೆ ಕಣ್ಣು ಪೂರ್ತಿ ಅಂಚಿಗೆ ಹೋದಾಗ ಸುಮಾರು 18 ಮಿಮೀ ತಪ್ಪಾಗುತ್ತೆ. 10 ಮೀಟರ್ ಏರ್ ರೈಫಲ್ ಟಾರ್ಗೆಟ್‌ನ ಇಡೀ ಕರಿ ಭಾಗವೇ 30.5 ಮಿಮೀ ಅಗಲ, ಅಂದ್ರೆ ನಡುವಿಗೆ ಹಿಡಿದಿದ್ದೀನಿ ಅಂತ ನೀವು ಅಂದ್ಕೊಂಡಿರ್ತೀರ, ಪೆಲೆಟ್ ಕರಿಯಿಂದ ಆಚೆ ಬಿಳೀಲಿ ಬಿದ್ದಿರುತ್ತೆ. ಕೈಯೂ ಚೆನ್ನಾಗಿದೆ, ರೈಫಲ್ಲೂ ಚೆನ್ನಾಗಿದೆ, ಸ್ಕೋಪ್ ಮೋಸ ಮಾಡ್ತಿದೆ ಅಷ್ಟೇ.

ಇದಕ್ಕೆ ಎಒ ಅಂತ ಬರೋದು ತಗೊಳ್ಳಿ, ಮುಂದಿನ ಲೆನ್ಸ್ ಹತ್ರ ತಿರುಗಿಸೋ ಉಂಗುರ ಇರುತ್ತೆ, ಅಥವಾ ಸೈಡ್ ಫೋಕಸ್, ಎಡಗಡೆ ಗುಬುಟು ಇರೋದು. ತಗೊಳ್ಳೋಕೆ ಮುಂಚೆ ಅತಿ ಹತ್ತಿರದ ಫೋಕಸ್ ಎಷ್ಟು ಅಂತ ಕೇಳಿ. 10 ಗಜ ಅಂದ್ರೆ ಸುಮಾರು 9 ಮೀಟರ್, ಅಲ್ಲಿವರೆಗೆ ಇಳಿದ್ರೆ ನಿಮಗೆ ಸರಿ. 15 ಗಜಕ್ಕೇ ನಿಲ್ಲುತ್ತೆ ಅಂದ್ರೆ ನಿಮ್ಮ ಕಣಕ್ಕೆ ಅದು ಬೇಡ.

ಮೌಂಟ್, ಅಂದ್ರೆ ಸ್ಕೋಪನ್ನ ರೈಫಲ್ ಮೇಲೆ ಕೂರಿಸೋ ಹಿಡಿಕೆ, ಮರೀಬೇಡಿ. ನಿಮ್ಮ ರೈಫಲ್ ಮೇಲೆ 11 ಮಿಮೀ ಡವ್‌ಟೇಲ್ ಗೆರೆ ಇದ್ಯಾ ಅಗಲದ ಪಿಕಟಿನಿ ರೈಲ್ ಇದ್ಯಾ ನೋಡ್ಕೊಂಡು ಅದಕ್ಕೆ ಸರಿಯಾಗಿ ಒಂದೇ ಪೀಸ್ ಮೌಂಟ್ ತಗೊಳ್ಳಿ, ಹಿಂದೆ ಸ್ಟಾಪ್ ಪಿನ್ ಇರಬೇಕು, ಇಲ್ಲಾಂದ್ರೆ ಒದೆತಕ್ಕೆ ಇಡೀ ಸ್ಕೋಪೇ ಹಿಂದಕ್ಕೆ ಜಾರ್ತಾ ಹೋಗುತ್ತೆ. ದುಡ್ಡು ಕಮ್ಮಿ ಇದ್ರೆ ಜೂಮ್ ಕಮ್ಮಿ ಮಾಡ್ಕೊಳ್ಳಿ, ಮೌಂಟ್‌ನಲ್ಲಿ ಉಳಿಸ್ಬೇಡಿ.

ಲೀಡ್ಸ್‌ಕನ್ನಡಿಗ:

ಹಾಸನದವರು ಹೇಳಿದ್ದು ಅಷ್ಟೂ ಸರಿ. ನಾನು ಇಲ್ಲಿ ಇಂಗ್ಲೆಂಡಲ್ಲಿ ಎಚ್‌ಎಫ್‌ಟಿ ಆಡ್ತೀನಿ, ಹಂಟರ್ ಫೀಲ್ಡ್ ಟಾರ್ಗೆಟ್ ಅಂತ. ಕಾಡಿನೊಳಗೆ ಅಲ್ಲಲ್ಲಿ ತಗಡಿನ ಟಾರ್ಗೆಟ್ ನಿಲ್ಲಿಸಿರ್ತಾರೆ, 8 ಗಜದಿಂದ 45 ಗಜದೊಳಗೆ, ಎಷ್ಟು ದೂರ ಅಂತ ಯಾರೂ ಹೇಳಲ್ಲ, ತಗಡಿನ ಸಣ್ಣ ತೂತೊಳಗೆ ಪೆಲೆಟ್ ಹೋದ್ರೆ ಟಾರ್ಗೆಟ್ ಮಲಗುತ್ತೆ, 2 ಪಾಯಿಂಟ್. ತಗಡಿಗೆ ತಾಗಿದ್ರೆ 1. ಆಟ ಶುರುವಾದ್ಮೇಲೆ ಸ್ಕೋಪ್‌ನ ಯಾವ ಉಂಗುರವನ್ನೂ ಮುಟ್ಟೋ ಹಾಗಿಲ್ಲ. ಹಾಗಾಗಿ ನಮ್ಗೆ ರೆಟಿಕಲ್ ಅಂದ್ರೆ ಅಳತೆಕೋಲು ಇದ್ದ ಹಾಗೆ, ಅದಕ್ಕೇ ರೆಟಿಕಲ್ ಬಗ್ಗೆ ನಾನು ಸ್ವಲ್ಪ ಹೇಳ್ತೀನಿ.

ಮಿಲ್ ಅಂದ್ರೆ ದೂರದ 1000ದಲ್ಲಿ ಒಂದು ಪಾಲು. 10 ಮೀಟರ್‌ಗೆ 1 ಮಿಲ್ ಅಂದ್ರೆ 1 ಸೆಂಮೀ, 25 ಮೀಟರ್‌ಗೆ ಎರಡೂವರೆ ಸೆಂಮೀ. ಗೆರೆ ದಪ್ಪವನ್ನೂ ಇದೇ ಲೆಕ್ಕದಲ್ಲಿ ನೋಡಿ. ಗೆರೆ 0.05 ಮಿಲ್ ಇದ್ರೆ 10 ಮೀಟರ್‌ನಲ್ಲಿ ಅರ್ಧ ಮಿಮೀ ಮುಚ್ಚುತ್ತೆ, ಆ ಟಾರ್ಗೆಟ್‌ನ ನಡುವಿನ 10 ಅನ್ನೋ ಚುಕ್ಕೀನೂ ಅರ್ಧ ಮಿಮೀನೇ. ಅದಕ್ಕಿಂತ ದಪ್ಪ ಇದ್ರೆ ಚುಕ್ಕಿ ಕಾಣಲ್ಲ. ಪೇಪರ್‌ಗೆ ನಡುವೆ ತೆಳ್ಳನೆ ಕೂಡುಗೆರೆ ಅಥವಾ ಸಣ್ಣ ಒಂದು ಡಾಟ್, ಕೆಳಗೆ ಅರ್ಧರ್ಧ ಮಿಲ್‌ಗೆ ಗೀಟು, ಇಷ್ಟಿದ್ರೆ ಸಾಕು. ಕ್ರಿಸ್‌ಮಸ್ ಮರದ ಹಾಗೆ ತುಂಬ ಚುಕ್ಕಿ ಇರೋದು ಬೇಡ, ಹಗಲು ಹೊತ್ತಲ್ಲಿ ಬಿಳೀ ಪೇಪರ್‌ಗೆ ಕೆಂಪು ಲೈಟೂ ಬೇಡ.

ಆ ಕೆಳಗಿನ ಗೀಟು ನಿಮಗೆ ಯಾಕೆ ಬೇಕಾಗುತ್ತೆ ಅಂದ್ರೆ, ಸ್ಕೋಪ್ ಬ್ಯಾರಲ್‌ಗಿಂತ ನಾಲ್ಕೂವರೆ ಸೆಂಮೀ ಮೇಲೆ ಕೂತಿರುತ್ತೆ. 25 ಮೀಟರ್‌ಗೆ ಝೀರೋ ಮಾಡಿದ್ರೆ, ಅಂದ್ರೆ ಹಿಡಿದ ಜಾಗಕ್ಕೇ ಪೆಲೆಟ್ ಬೀಳೋ ಹಾಗೆ ಹೊಂದಿಸಿದ್ರೆ, 10 ಮೀಟರ್‌ನಲ್ಲಿ ಪೆಲೆಟ್ ಇನ್ನೂ ಮೇಲೆ ಹತ್ತುತ್ತಾ ಇರುತ್ತೆ, ಹಾಗಾಗಿ ಹಿಡಿದ ಜಾಗಕ್ಕಿಂತ ಕೆಳಗೆ ಬೀಳುತ್ತೆ. ನನ್ನ ರೈಫಲ್‌ನಲ್ಲಿ ಸುಮಾರು 12 ಮಿಮೀ, ಅಂದ್ರೆ 1.2 ಮಿಲ್. ಹತ್ತಿರ ಇದ್ರೆ ಮೇಲೆ ಬೀಳುತ್ತೆ ಅಂತ ಹೊಸಬರೆಲ್ಲ ಉಲ್ಟಾ ಅಂದ್ಕೋತಾರೆ. ನಿಮ್ಮದರಲ್ಲಿ ಎಷ್ಟು ಅಂತ ಪೇಪರ್ ಮೇಲೆ ಹೊಡೆದು ನೋಡಿ ಬರೆದಿಟ್ಕೊಳ್ಳಿ, ಆಮೇಲೆ ಕ್ಲಿಕ್ ಮುಟ್ಟದೆ ಬರೀ ಗೀಟು ಬದಲಾಯಿಸಿ ಎರಡೂ ಟಾರ್ಗೆಟ್ ಹೊಡೀಬಹುದು.

ಒಂದು ಎಚ್ಚರಿಕೆ. ಹೆಚ್ಚಿನ ಸ್ಕೋಪ್‌ಗಳಲ್ಲಿ ಜೂಮ್ ಬದಲಾದ್ರೂ ರೆಟಿಕಲ್ ಅಷ್ಟೇ ಕಾಣುತ್ತೆ, ಸೆಕೆಂಡ್ ಫೋಕಲ್ ಪ್ಲೇನ್ ಅಂತಾರೆ. ಅದರಲ್ಲಿ ಮಿಲ್ ಲೆಕ್ಕ ಒಂದೇ ಒಂದು ಜೂಮ್‌ಗೆ ಸರಿ, 10x ನಲ್ಲಿ 1 ಮಿಲ್ ಇರೋ ಗೀಟೇ 5x ನಲ್ಲಿ 2 ಮಿಲ್ ಆಗುತ್ತೆ. ಒಂದು ಜೂಮ್ ಆರಿಸಿ ಅಲ್ಲೇ ಬಿಡಿ. ಫಸ್ಟ್ ಫೋಕಲ್ ಪ್ಲೇನ್‌ನಲ್ಲಿ ಈ ತೊಂದರೆ ಇಲ್ಲ, ಆದ್ರೆ ಜೂಮ್ ಏರಿಸಿದಂಗೆ ಗೆರೇನೂ ದಪ್ಪ ಕಾಣುತ್ತೆ, ಬೆಲೇನೂ ಜಾಸ್ತಿ. ನಿಮ್ಮ ಕೆಲಸಕ್ಕೆ ಸೆಕೆಂಡೇ ಒಳ್ಳೇದು.

6-24 ಬೇಡ. ಅಷ್ಟು ಜೂಮ್‌ನಲ್ಲಿ ನಿಮ್ಮ ಎದೆ ಬಡಿತ ಕೂಡ ಟಾರ್ಗೆಟ್ ಮೇಲೆ ಕುಣಿಯೋದು ಕಾಣುತ್ತೆ, ಅದನ್ನ ನೋಡ್ತಾ ನೋಡ್ತಾ ಟ್ರಿಗರ್ ಎಳೆದುಬಿಡ್ತೀರ. ಭಾರಾನೂ ಜಾಸ್ತಿ, ಭಾರದ ಸ್ಕೋಪ್ ಸ್ಪ್ರಿಂಗ್ ರೈಫಲ್ ಮೇಲೆ ಬೇಗ ಜಾರುತ್ತೆ. 4-12x40 ಎಒ ತಗೊಳ್ಳಿ, ಸಿಗದಿದ್ರೆ 3-9x40 ಎಒ.

ಕಾಫಿಕಣ_ಮೂಡಿಗೆರೆ:

ಇಬ್ರಿಗೂ ತುಂಬಾ ಥ್ಯಾಂಕ್ಸ್. ಇವತ್ತು ಬೆಳಿಗ್ಗೆ ಹಳೇ ಸ್ಕೋಪನ್ನ ಮರಳು ಚೀಲದ ಮೇಲಿಟ್ಟು ರೈಫಲ್ ಮುಟ್ಟದೆ ತಲೆ ಮಾತ್ರ ಆಚೀಚೆ ಮಾಡಿ ನೋಡಿದೆ, ಕ್ರಾಸ್‌ಹೇರ್ ಕರಿ ಭಾಗದ ಈ ಅಂಚಿಂದ ಆ ಅಂಚಿಗೆ ಓಡಾಡ್ತು. ಒಂದು ವರ್ಷದಿಂದ ನನ್ನ ಕೈ ನಡುಗುತ್ತೆ ಅಂತಲೇ ಅಂದ್ಕೊಂಡಿದ್ದೆ.

ಕ್ಲಿಕ್ ಬಗ್ಗೆ ಒಂದು ಡೌಟು. ಪೆಲೆಟ್ 2 ಸೆಂಮೀ ಎಡಕ್ಕೆ ಬಿದ್ರೆ 3-4 ಕ್ಲಿಕ್ ಬಲಕ್ಕೆ ಕೊಡ್ತಿದ್ದೆ, ಏನೂ ಆಗ್ತಿರ್ಲಿಲ್ಲ. ಅದೂ ಸ್ಕೋಪ್ ಕೆಟ್ಟಿದ್ದಕ್ಕೇನಾ?

ಸ್ಪ್ರಿಂಗರ್_ಹಾಸನ:

ಇಲ್ಲ ಸರ್, ಅದು ಲೆಕ್ಕ. ಕಾಲು ಎಂಒಎ (ಎಂಒಎ ಅಂದ್ರೆ ಒಂದು ಡಿಗ್ರಿಯ 60ರಲ್ಲಿ ಒಂದು ಪಾಲು) ಕ್ಲಿಕ್ ಅಂದ್ರೆ 100 ಗಜಕ್ಕೆ ಕಾಲಿಂಚು, ಆದ್ರೆ 10 ಮೀಟರ್‌ಗೆ ಬರೀ 0.73 ಮಿಮೀ. 2 ಸೆಂಮೀ ಸರಿಸೋಕೆ 27 ಕ್ಲಿಕ್ ಬೇಕು. 25 ಮೀಟರ್‌ಗೆ ಒಂದು ಕ್ಲಿಕ್‌ಗೆ 1.8 ಮಿಮೀ. ಧೈರ್ಯವಾಗಿ ತಿರುಗಿಸಿ. ಆದ್ರೆ ತಿರುಗಿಸಿ ತಿರುಗಿಸಿ ಟರೆಟ್ (ಆ ಕ್ಲಿಕ್ ಗುಬುಟು) ಕೊನೆ ಮುಟ್ಟೋ ಹಾಗಾದ್ರೆ ನಿಲ್ಲಿಸಿ. ಬ್ರೇಕ್ ಬ್ಯಾರಲ್‌ಗಳಲ್ಲಿ ಬ್ಯಾರಲ್ ಸ್ವಲ್ಪ ಕೆಳಕ್ಕೆ ಬಾಗಿರೋದು ಸಾಮಾನ್ಯ, ಅದನ್ನ ಟರೆಟ್‌ನಲ್ಲೇ ಸರಿ ಮಾಡೋಕೆ ಹೋದ್ರೆ ಒಳಗಿನ ಸ್ಪ್ರಿಂಗ್ ಬಿಗಿ ಕಳ್ಕೊಂಡು ಝೀರೋ ನಿಲ್ಲಲ್ಲ. ಹಿಂದಿನ ಕಡೆ ಎತ್ತರಿಸೋ ಮೌಂಟ್ ಬರುತ್ತೆ, ಅದು ಹಾಕಿ.

ಹಿಡಿಯೋದೂ ನೋಡ್ಕೊಳ್ಳಿ. ಸ್ಪ್ರಿಂಗ್ ರೈಫಲ್‌ನ ಬಿಗಿಯಾಗಿ ಹಿಡೀಬಾರ್ದು, ಎಡಗೈ ಅಂಗೈ ಮೇಲೆ ಸುಮ್ನೆ ಮಲಗಿಸಿ, ಅದು ಒದೆಯೋಷ್ಟು ಒದೀಲಿ. ಮೇಜಿಗೋ ಕಲ್ಲಿಗೋ ನೇರ ಒರಗಿಸಿದ್ರೆ ಪೆಲೆಟ್ ಬೇರೆ ಕಡೆ ಹೋಗುತ್ತೆ, ಜನ ಸ್ಕೋಪ್‌ನ ಬೈತಾರೆ.

ಹತ್ತುಮೀಟರ್_ಮೈಸೂರು:

ಮಗಳ ವಿಷಯ ಯಾರೂ ಹೇಳ್ಲಿಲ್ಲ, ಅದಕ್ಕೆ ಬರೀತಿದೀನಿ. ನಾನು ಮಕ್ಕಳಿಗೆ ಶೂಟಿಂಗ್ ಹೇಳಿಕೊಡ್ತೀನಿ. ಸಾರ್, ಅವಳು ಮ್ಯಾಚ್‌ಗೆ ಹೋಗೋದು ನಿಜ ಆದ್ರೆ ಅವಳಿಗೆ ಸ್ಕೋಪ್ ಕೊಡಲೇಬೇಡಿ. ಐಎಸ್‌ಎಸ್‌ಎಫ್ (ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟ) 10 ಮೀಟರ್ ಏರ್ ರೈಫಲ್‌ನಲ್ಲಿ ಟೆಲಿಸ್ಕೋಪ್‌ಗೆ ಅವಕಾಶ ಇಲ್ಲ, ಹಿಂದೆ ಸಣ್ಣ ತೂತು, ಮುಂದೆ ಉಂಗುರ ಇರೋ ಪೀಪ್ ಸೈಟ್ ಮಾತ್ರ. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದಿದ್ದೂ ಪೀಪ್ ಸೈಟ್‌ನಲ್ಲೇ. ನಮ್ಮಲ್ಲಿ ಓಪನ್ ಸೈಟ್ ವಿಭಾಗಾನೂ ಇದೆ, ಮಕ್ಕಳು ಅಲ್ಲಿಂದ ಶುರು ಮಾಡಬಹುದು. ಸ್ಕೋಪ್‌ನಲ್ಲಿ ಕಲಿತ ಮಗು ಟಾರ್ಗೆಟ್‌ನೇ ದಿಟ್ಟಿಸಿ ನೋಡೋದು ಅಭ್ಯಾಸ ಮಾಡ್ಕೊಂಡಿರುತ್ತೆ, ಇಲ್ಲಿ ನೋಡಬೇಕಾಗಿರೋದು ಮುಂದಿನ ಉಂಗುರ, ಕರಿ ಭಾಗ ಅದರ ನಡುವೆ ಸ್ವಲ್ಪ ಮಸುಕಾಗೇ ತೇಲ್ತಿರಬೇಕು. ಆ ಅಭ್ಯಾಸ ಬಿಡಿಸೋಕೆ ತಿಂಗಳುಗಟ್ಟಲೆ ಬೇಕು, ನಾನು ಕಣ್ಣಾರೆ ಕಂಡಿದೀನಿ.

ನಿಮಗೂ ಒಂದು ಮಾತು. ಪೀಪ್‌ನ ಸಣ್ಣ ತೂತಲ್ಲಿ ನೋಡಿದ್ರೆ ವಯಸ್ಸಾದ ಕಣ್ಣಿಗೂ ಮುಂದಿನ ಉಂಗುರ, ಟಾರ್ಗೆಟ್ ಎರಡೂ ಒಂದು ಮಟ್ಟಕ್ಕೆ ಸ್ಪಷ್ಟ ಕಾಣುತ್ತೆ. ಒಂದ್ಸಲ ಮಗಳ ಜೊತೆ ಹೊಡೆದು ನೋಡಿ.

ಆಗುಂಬೆಕಡೆಯವ:

ಒಂದೇ ಮಾತು. ಮಲ್ನಾಡ್ ಮಳೆಗಾಲದಲ್ಲಿ ಸ್ಕೋಪನ್ನ ಬಟ್ಟೆ ಚೀಲದಲ್ಲೋ ಬೀರೂಲೋ ಇಡ್ಬೇಡಿ ಅಣ್ಣ, ಲೆನ್ಸ್ ಮೇಲೆ ಬೂಷ್ಟು ಹಿಡಿಯುತ್ತೆ, ನಂದು ಒಂದು ಹಾಗೇ ಹೋಯ್ತು. ನೈಟ್ರೋಜನ್ ತುಂಬಿದ್ದು ತಗೊಳ್ಳಿ, ಒಳಗೆ ತೇವ ಕಟ್ಟಲ್ಲ, ಆದ್ರೂ ಹೊರಗಿನ ಗಾಜಿಗೆ ಬೂಷ್ಟು ಬರುತ್ತೆ. ಗಾಳಿಯಾಡದ ಡಬ್ಬೀಲಿ ಸಿಲಿಕಾ ಜೆಲ್ ಜೊತೆ ಇಡಿ, ಜೆಲ್‌ನ ಆಗಾಗ ಬಿಸಿ ಮಾಡಿ ಒಣಗಿಸ್ತಿರಿ.

ಕಾಫಿಕಣ_ಮೂಡಿಗೆರೆ:

ಮೂರು ವಾರ ಆಯ್ತು, ಏನಾಯ್ತು ಅಂತ ಹೇಳೋಣ ಅಂತ ಬಂದೆ. 4-12x40 ಎಒ ತಗೊಂಡೆ, 9 ಮೀಟರ್‌ವರೆಗೂ ಫೋಕಸ್ ಬರುತ್ತೆ, ನಡುವೆ ಸಣ್ಣ ಡಾಟ್, ಕೆಳಗೆ ಅರ್ಧ ಮಿಲ್ ಗೀಟು. ಒಂದೇ ಪೀಸ್ ಮೌಂಟ್, ಸ್ಟಾಪ್ ಪಿನ್ ಹಾಕಿದೀನಿ. ಮೊದ್ಲು ಬಿಳೀ ಗೋಡೆ ನೋಡ್ತಾ ಕಣ್ಣಿನ ಕಡೆ ಉಂಗುರ ತಿರುಗಿಸಿ ಗೆರೆ ಚೂಪಾಗೋ ಹಾಗೆ ಮಾಡ್ಕೊಂಡೆ, ಆಮೇಲೆ ಎಒ. 8x ಗೆ ಇಟ್ಟು ಹಾಗೇ ಬಿಟ್ಟಿದೀನಿ. 10 ಮೀಟರ್‌ಗೆ 5 ಪೆಲೆಟ್ ಈಗ ಒಂದು ರೂಪಾಯಿ ನಾಣ್ಯದೊಳಗೆ ಕೂರ್ತಿವೆ. ಹಳೇ ಸ್ಕೋಪ್‌ನಲ್ಲಿ ಹೊಡೆದ ಪೇಪರ್ ಪಕ್ಕ ಇಟ್ಟು ಮನೆಯವರಿಗೆಲ್ಲ ತೋರಿಸಿದೆ.

ಮಗಳಿಗೆ ಸ್ಕೋಪ್ ಕೊಟ್ಟಿಲ್ಲ. ಓಪನ್ ಸೈಟ್‌ನಲ್ಲೇ ಹೊಡೀತಿದಾಳೆ, ರಜೇಲಿ ಮೈಸೂರಿಗೆ ಕರ್ಕೊಂಡು ಬರ್ತೀನಿ ಸರ್. 25 ಮೀಟರ್ ಝೀರೋ ಇನ್ನೂ ಬಾಕಿ ಇದೆ, ಮಳೆ ಹಿಡಿಯೋದ್ರೊಳಗೆ ಮುಗಿಸ್ಬೇಕು.