ಸಹಾಯ ಬೇಕು: ನ್ಯೂಟನ್-ರಾಫ್ಸನ್ ಹಾಕಿದರೆ 0, 1, 0, 1 ಅಂತ ಸುತ್ತುತ್ತಿದೆ

ಎಲ್ಲರಿಗೂ ನಮಸ್ಕಾರ. ನ್ಯೂಟನ್-ರಾಫ್ಸನ್ ವಿಧಾನದಲ್ಲಿ (ಒಂದು ಅಂದಾಜು ಬೆಲೆಯಿಂದ ಶುರು ಮಾಡಿ, ಪ್ರತಿ ಸಲ ಎಡಬದಿಯ ಬೆಲೆಯನ್ನು ಅಲ್ಲಿನ ಇಳಿಜಾರಿನಿಂದ ಭಾಗಿಸಿ ಕಳೆಯುತ್ತಾ ಉತ್ತರದ ಹತ್ತಿರ ಹೋಗುವುದು) ಒಂದು ಘನ ಸಮೀಕರಣ ತಲೆ ತಿನ್ನುತ್ತಿದೆ:

ಎಕ್ಸ್³ − 2ಎಕ್ಸ್ + 2 = 0

0ಯಿಂದ ಶುರು ಮಾಡಿದರೆ ಮುಂದಿನ ಬೆಲೆ 1 ಬರುತ್ತದೆ. 1 ಹಾಕಿದರೆ ವಾಪಸ್ 0. ಗಾಣದೆತ್ತಿನ ಹಾಗೆ ಅಲ್ಲೇ ಸುತ್ತು! ಲೆಕ್ಕ ಸರಿಯಾಗಿಯೇ ಇದೆ. ಎಕ್ಸ್ 0 ಇದ್ದಾಗ ಎಡಬದಿಯ ಬೆಲೆ 2, ಇಳಿಜಾರು (ಅಂದರೆ 3ಎಕ್ಸ್² − 2) −2. ಎಕ್ಸ್ 1 ಇದ್ದಾಗ ಎರಡೂ 1. ಸುಮ್ನೆ 0.1 ಹಾಕಿ ನೋಡಿದೆ. 1.0142, 0.0797, 1.0091, 0.0522 ಅಂತ ಹೋಗಿ ಅದೇ ಸುಳಿಗೆ ಬೀಳುತ್ತದೆ. ಇದು ಯಾಕೆ?

−2ರಿಂದ ಹೊರಟರೆ ಮಾತ್ರ −1.8, −1.76995, ಆಮೇಲೆ −1.7693 ಅಂತ ಸಲೀಸಾಗಿ ಉತ್ತರ ಸಿಗುತ್ತದೆ. ಘನ ಸಮೀಕರಣವನ್ನು ನೇರವಾಗಿ ಬಿಡಿಸುವ ಕಾರ್ಡಾನೋ ಸೂತ್ರದಲ್ಲೂ ಅದೇ ಉತ್ತರ. ಆದರೆ ಮೊದಲು 19/27ರ ವರ್ಗಮೂಲ, ಅದರ ಮೇಲೆ ಎರಡು ಘನಮೂಲ. ಸಾದಾ ಕ್ಯಾಲ್ಕುಲೇಟರ್ ಹಿಡಿದು ಆ ಗೋಳು ಯಾರಿಗೆ ಬೇಕು ಹೇಳಿ.

ಪರೀಕ್ಷೆಯಲ್ಲಿ ಗ್ರಾಫ್ ಬಿಡಿಸುತ್ತಾ ಕೂರಲು ಟೈಮ್ ಇರಲ್ಲ ಅಲ್ವಾ? ಹಾಗಾದರೆ ಶುರುವಿನ ಬೆಲೆ ಆರಿಸುವುದು ಹೇಗೆ? −2ರಲ್ಲಿ ಎಡಬದಿಯ ಬೆಲೆ −2, −1ರಲ್ಲಿ 3, ಚಿಹ್ನೆ ಬದಲಾಯಿತು, ಅಂದರೆ ಉತ್ತರ ಅವೆರಡರ ಮಧ್ಯೆ ಇದೆ. ಅಲ್ಲಿ ಎರಡು ಸಲ ಬೈಸೆಕ್ಷನ್ (ಮಧ್ಯದ ಬೆಲೆ ನೋಡಿ, ಉತ್ತರ ಇರುವ ಅರ್ಧವನ್ನು ಮಾತ್ರ ಉಳಿಸಿಕೊಳ್ಳುವುದು) ಮಾಡಿ, ಆಮೇಲೆ ನ್ಯೂಟನ್‌ಗೆ ಹೋದರೆ ಯಾವಾಗಲೂ ಸೇಫಾ? ಪಾಠ ಮಾಡುವವರು ಯಾರಾದರೂ ಇದ್ದರೆ ದಯವಿಟ್ಟು ಬಿಡಿಸಿ ಹೇಳಿ.